ಚೆಂಡು ಏಳದ ಜಾಗ

ಊರಿನ ಆಟದ ಹಾಲಿನ ಮರದ ನೆಲ ಕೀಳುವ ಕೆಲಸ ಕೊನೆಗೂ ಬಡಗಿಯ ಪಾಲಿಗೇ ಬಂತು. ಅದನ್ನು ಹಾಕಿದವನು ಅವನ ಅಪ್ಪ. ಇದರಲ್ಲಿ ದೊಡ್ಡ ಸೋಜಿಗವೇನಿಲ್ಲ, ಆ ಊರಿನಲ್ಲಿ ಅಂಥ ಕೆಲಸ ಬಲ್ಲ ಮನೆ ಅದೊಂದೇ.

ಪ್ರಾಂತ್ಯದ ಪುರುಷರ ಕ್ಲಬ್ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್‌ಗೆ ಐವತ್ತು ವರ್ಷ ತುಂಬುತ್ತಿತ್ತು. ಆ ನೆಪದಲ್ಲಿ ಹಾಲಿಗೆ ಹೊಸ ನೆಲ, ಗೋಡೆಗೆ ಹೊಸ ಬಣ್ಣ, ಜೊತೆಗೆ ಚಾಂಪಿಯನ್‌ಷಿಪ್‌ನ ಚರಿತ್ರೆಯ ಪುಸ್ತಕ. ಪುಸ್ತಕ ಬರೆಯುತ್ತಿದ್ದವರು ಕ್ಲಬ್ಬಿನ ಕಾರ್ಯದರ್ಶಿ. ಎಂದೂ ಚೆಂಡು ಮುಟ್ಟಿದವರಲ್ಲ. ಆದರೂ ಯಾವ ವರ್ಷ ಯಾರು ಗೆದ್ದರು, ಯಾರು ಎಲ್ಲಿ ಎಡವಿದರು ಎಂದು ಕೇಳಿದರೆ ಸಾಕು, ಪಟಪಟನೆ ಹೇಳಿಬಿಡುತ್ತಿದ್ದರು. ಮೊದಮೊದಲು ಗಿರಣಿಗಳ ಸಿಮೆಂಟು ಅಂಗಳದಲ್ಲಿ ಮೊಣಕಾಲು ಕೆತ್ತಿಸಿಕೊಂಡು ಆಡಿದ್ದು, ಮಳೆ ಬಂದರೆ ಪಂದ್ಯ ಬಿಟ್ಟು ಸೂರು ಹುಡುಕಿದ್ದು, ಅಂಚೆಯವರ ತಂಡ ಮೂರು ಸಲ ಕಪ್ ಹೊತ್ತೊಯ್ದದ್ದು, ಎಲ್ಲವೂ ಅವರ ಪುಸ್ತಕದಲ್ಲಿತ್ತು.

ಈ ಊರಿನ ಪಾಲಿಗೆ ಮಾತ್ರ ಅದರಲ್ಲಿ ಒಂದೇ ಅಧ್ಯಾಯ. ಅದರ ಹೆಸರು ‘ಜಾರಿದ ಚೆಂಡು’. ಜಾರಿಸಿದವನು ಬಡಗಿಯ ಅಣ್ಣ.

ಆಗ ಆಟದ ಹಾಲ್ ಹೊಸದು. ಎಲ್ಲ ವರ್ಷವೂ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಬರುತ್ತಿದ್ದ ಊರಿನ ತಂಡ, ಅದೇನು ಗ್ರಹಗತಿಯೋ, ಆ ವರ್ಷ ಫೈನಲ್ ತಲುಪಿತು. ಅದೂ ತನ್ನದೇ ಹಾಲಿನಲ್ಲಿ, ಅಪ್ಪ ಹಾಕಿದ ನೆಲದ ಮೇಲೆ. ಕೊನೆಯ ನಿಮಿಷ, ಒಂದು ಅಂಕ ಮುಂದೆ, ಚೆಂಡು ಅಣ್ಣನ ಕೈಯಲ್ಲಿ. ಗಂಟೆ ಹೊಡೆಯುವ ತನಕ ಅದನ್ನು ಪುಟಿಸುತ್ತಿದ್ದರೆ ಸಾಕಿತ್ತು. ಎದುರಾಳಿ ಒತ್ತಿ ಒತ್ತಿ ಅವನನ್ನು ಎಡ ಅಂಚಿಗೆ ತಳ್ಳಿದ. ಅಲ್ಲಿ ಅಣ್ಣ ನೆಲಕ್ಕೆ ಹೊಡೆದ ಚೆಂಡು ಮೇಲೆ ಬರಲೇ ಇಲ್ಲ. ಎದುರಾಳಿ ಅದನ್ನು ಬಾಚಿಕೊಂಡು ಓಡಿದ, ಬುಟ್ಟಿಗೆ ಹಾಕಿದ, ಗಂಟೆ ಹೊಡೆಯಿತು.

ಅಂದಿನಿಂದ ಅಣ್ಣನ ಹೆಸರು ತೂತುಕೈ. ಊರಿನ ತಂಡ ಮತ್ತೆಂದೂ ಫೈನಲ್ ಮುಖ ನೋಡಲಿಲ್ಲ, ಹಾಗಾಗಿ ಆ ಹೆಸರು ಮಾಸಲೂ ಇಲ್ಲ. ಅಣ್ಣ ಆಟ ಬಿಟ್ಟ, ಅಪ್ಪನ ಉಳಿ ಸುತ್ತಿಗೆಯನ್ನೂ ಬಿಟ್ಟ. ಗಾಜು ಪಿಂಗಾಣಿ ಸಾಮಾನಿನ ಗೋದಾಮಿಗೆ ಸೇರಿ ನಿವೃತ್ತನಾಗುವ ತನಕ ಲೋಟ, ಬಟ್ಟಲು, ಹೂದಾನಿ ಕಟ್ಟಿ ಕಳಿಸಿದ. ಅಷ್ಟು ವರ್ಷದಲ್ಲಿ ಅವನ ಕೈಯಿಂದ ಒಂದು ಲೋಟವೂ ಬಿದ್ದು ಒಡೆಯಲಿಲ್ಲ. ಊರಿನ ಕಣ್ಣಿಗೆ ಅದು ಬೀಳಬೇಕಲ್ಲ!

ಊರಿನ ಮಾತು ಹಾಗಿರಲಿ. ಬಡಗಿ ತಾನೇ ಒಮ್ಮೆ ಜಗಳದಲ್ಲಿ ಅಣ್ಣನ ಮುಖಕ್ಕೆ ಹೊಡೆದ ಹಾಗೆ ‘ತೂತುಕೈ’ ಎಂದಿದ್ದ. ಅಪ್ಪನ ಕೊನೆಯ ದಿನಗಳಲ್ಲಿ ಅದು. ಹೇಲು ಉಚ್ಚೆ ಬಳಿದವನು ಇವನು. ಅಪ್ಪ ಮಾತ್ರ ಅಣ್ಣ ಬಂದಾಗ ಅವನ ಅಂಗೈ ಹಿಡಿದುಕೊಂಡು ಸವರುತ್ತ ಮಲಗುತ್ತಿದ್ದ. ಹೊಟ್ಟೆಕಿಚ್ಚಿನಲ್ಲಿ ಇವನ ಬಾಯಿಂದ ಆ ಮಾತು ಬಂದುಬಿಟ್ಟಿತ್ತು. ಅಪ್ಪ ಗೋಡೆಯ ಕಡೆ ಹೊರಳಿದ.

ಈಗ ಎಡ ಅಂಚಿನ ಹಲಗೆಗಳನ್ನು ಎಬ್ಬಿಸುವಾಗ ಬಡಗಿಯ ಸುತ್ತಿಗೆಯ ಸದ್ದು ಬದಲಾಯಿತು. ಅಲ್ಲಿ ಕೆಳಗೆ ಟೊಳ್ಳು. ಹಲಗೆ ತೆಗೆದು ನೋಡಿದರೆ, ಉದ್ದಕ್ಕೂ ಒಂದೇ ಇರಬೇಕಾದ ತೊಲೆ ಅಲ್ಲಿ ಎರಡು ತುಂಡು. ಸೇರುವ ಕಡೆ ಅಡಿಯಲ್ಲಿ ಆಧಾರವೇ ಇಲ್ಲ. ತೊಲೆಯ ಮೇಲೆ ನೀಲಿ ಪೆನ್ಸಿಲಿನಲ್ಲಿ ಒಂದು ಅಡ್ಡಗೆರೆ, ಅದರ ಮೇಲೆ ಇನ್ನೊಂದು. ಆಮೇಲೆ ಬಂದು ಸರಿಮಾಡಬೇಕಾದ ಕಡೆಯೆಲ್ಲ ಅಪ್ಪ ಹಾಕುತ್ತಿದ್ದ ಗುರುತು ಅದು. ಬಡಗಿ ಹಲಗೆಯನ್ನು ಮತ್ತೆ ಕೂರಿಸಿ, ಮೂಲೆಯಲ್ಲಿದ್ದ ಚೆಂಡು ತಂದು ಹೊಡೆದ. ಅದು ಪಾದದ ಗಂಟಿನಷ್ಟು ಎದ್ದು ಸುಮ್ಮನಾಯಿತು. ಒಂದು ಮಾರು ಆಚೆ ಹೊಡೆದ, ಸೊಂಟದವರೆಗೆ ಬಂತು.

ಚೆಂಡು ಅಲ್ಲೇ ಬಿಟ್ಟು ಅಣ್ಣನ ಮನೆಗೆ ಓಡಿದ. ಅಣ್ಣ ಕಿಟಕಿಯ ಗಾಜು ಒರೆಸುತ್ತಿದ್ದ. “ನಡಿ, ಏನೂ ಕೇಳ್ಬೇಡ” ಎಂದು ಬಡಗಿ ಅವನ ಕೈಹಿಡಿದು ಕರೆತಂದ. ದಾರಿಯುದ್ದಕ್ಕೂ ಅವನಿಗೆ ಖುಷಿಯೋ ಅಳುವೋ ತಿಳಿಯದು. ಅಣ್ಣನ ಹೆಸರು ಉಳಿಯಿತು, ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ ಎಂಬುದೊಂದೇ ತಲೆಯಲ್ಲಿ.

ಹಾಲಿನಲ್ಲಿ ಹಲಗೆ ಎತ್ತಿ ತೋರಿಸಿದ. ಅಣ್ಣ ಕುಕ್ಕರುಗಾಲಿನಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡ.

“ಇನ್ನೂ ಅಳಿಸಿಲ್ವಾ ಇದು?”

ಬಡಗಿ ಹಲಗೆಯನ್ನು ಪಕ್ಕಕ್ಕಿಟ್ಟ. “ನಿಂಗೆ ಗೊತ್ತಿತ್ತಾ?”

“ಆ ತೊಲೆ ಹಿಡ್ಕೊಂಡಿದ್ದೇ ನಾನು ಕಣೋ. ಮರದ ಲಾರಿ ಬರೋದು ತಡ ಆಯ್ತು, ಪಂದ್ಯ ಹತ್ರ ಬಂತು. ಆಟ ಮುಗೀಲಿ, ಬಿಚ್ಚಿ ಸರಿ ಮಾಡ್ತೀನಿ ಅಂದ್ರು ಅಪ್ಪ.”

“ಮತ್ತೆ ಯಾಕೆ ಮಾಡ್ಲಿಲ್ಲ?”

“ಹೇಗೆ ಮಾಡ್ತಾರೆ? ಸರಿಯಾಗಿ ಇದೇ ಜಾಗ ಬಿಚ್ಚಿದ್ರೆ ಊರಿಗೆಲ್ಲ ಗೊತ್ತಾಗ್ತಿತ್ತಲ್ಲ.”

“ನೀನಾದ್ರೂ ಬಾಯಿ ಬಿಡಬಾರದಿತ್ತಾ!”

“ಈ ನೆಲ ನೋಡ್ಕೊಂಡು ಅಪ್ಪಂಗೆ ಎಷ್ಟು ಕಡೆ ಕೆಲಸ ಬಂತು. ನಿನ್ನ ಓದು, ಅಕ್ಕನ ಮದುವೆ, ಎಲ್ಲ ಅದರಲ್ಲೇ ಆಯ್ತು. ನನ್ನ ಕೈಗೇನು, ಬೈಸಿಕೊಂಡ್ರೆ ಸವೆದು ಹೋಗುತ್ತಾ?”

“ಅಪ್ಪ ನಿನ್ ಹತ್ರ ಯಾವತ್ತಾದ್ರೂ ಈ ಮಾತು ಎತ್ತಿದ್ರಾ?”

“ಇಲ್ಲ. ಅವತ್ತು ಚೆಂಡು ಕೂತಾಗ ಅಪ್ಪ ಮೊದಲ ಸಾಲಲ್ಲಿದ್ರು. ನನ್ನ ನೋಡಿದ್ರು, ನಾನೂ ನೋಡಿದೆ. ಅಷ್ಟೇ.”

ಸಾಯುವ ಮುದುಕ ಯಾಕೆ ಆ ಅಂಗೈ ಬಿಡಲಿಲ್ಲ ಎಂದು ಬಡಗಿಗೆ ಈಗ ತಿಳಿಯಿತು. ಆ ಹಾಸಿಗೆಯ ಪಕ್ಕದಲ್ಲಿ ನಿಂತು ತಾನು ಆಡಿದ ಮಾತು ನೆನಪಾಗಿ, ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಕಣ್ಣು ತುಂಬಿ ಬಂತು.

“ಕಾರ್ಯದರ್ಶಿಗೆ ಹೇಳ್ತೀನಿ. ಪುಸ್ತಕದಲ್ಲಿ ಬರಲಿ.”

“ಬೇಡ. ಅಪ್ಪ ಇದ್ದಿದ್ರೆ ಅವರೇ ಹೇಳ್ಬಹುದಿತ್ತು. ಈಗ ಅವರ ಪರವಾಗಿ ಮಾತಾಡೋಕೆ ಯಾರಿದಾರೆ?”

“ನಿನ್ನ ಪರವಾಗಿ ಯಾರಿದ್ರು? ಹೇಳೇ ಹೇಳ್ತೀನಿ” ಎಂದ ಬಡಗಿ.

ಅಷ್ಟರಲ್ಲಿ ಬಾಗಿಲಲ್ಲಿ ಕಾರ್ಯದರ್ಶಿಯ ದನಿ ಕೇಳಿಸಿತು. ಅಣ್ಣ ಗಡಿಬಿಡಿಯಿಲ್ಲದೆ ಹಲಗೆಯನ್ನು ಜಾಗಕ್ಕೆ ಎಳೆದು ಅದರ ಮೇಲೆ ಕೂತುಬಿಟ್ಟ.

“ಓಹೋ, ತೂತುಕೈಯವರೂ ಇಲ್ಲೇ!” ಕಾರ್ಯದರ್ಶಿ ಕೆಟ್ಟವರಲ್ಲ, ನಗಿಸುತ್ತಿದ್ದೇನೆಂದೇ ಅವರ ಭಾವನೆ. “ಒಳ್ಳೇದಾಯ್ತು. ಮೊದಲ ಪುಟಕ್ಕೆ ನಿಮ್ಮಪ್ಪನ ಫೋಟೋ ಹಾಕ್ತಿದೀನಿ, ಈ ಪ್ರಾಂತ್ಯದ ಮೊದಲ ಮರದ ನೆಲ ಹಾಕಿದವರು ಅಂತ. ನೀವೇ ಬಿಚ್ಚಿ ನೋಡಿದೀರಲ್ಲ, ಹೇಳಿ, ಕೆಲಸ ಹೇಗಿತ್ತು?”

ಬಡಗಿ ಬಾಯಿ ತೆರೆದ. ಹೇಳಬೇಕಾದದ್ದು ನಾಲಗೆಯ ತುದಿಗೇ ಬಂದಿತ್ತು. ಅಣ್ಣ ಅವನನ್ನೇ ನೋಡುತ್ತಿದ್ದ. ಬೇಡ ಎಂದು ತಲೆಯಾಡಿಸಲಿಲ್ಲ, ಕಣ್ಣಲ್ಲಿ ಬೇಡಿಕೊಂಡ. ಅಷ್ಟು ವರ್ಷದಲ್ಲಿ ಅಣ್ಣ ಅವನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.

“ಗಟ್ಟಿಯಾಗಿತ್ತು ಸಾರ್” ಎಂದ ಬಡಗಿ. “ಎಲ್ಲೂ ಒಂದು ಕುಂದಿಲ್ಲ.”

“ನನಗೆ ಗೊತ್ತಿತ್ತು” ಎಂದು ಕಾರ್ಯದರ್ಶಿ ಹಿಗ್ಗಿದರು. ಕಾಲಬಳಿ ಬಿದ್ದಿದ್ದ ಚೆಂಡನ್ನು ಎತ್ತಿ ಅಣ್ಣನ ಕಡೆ ಎಸೆದರು. “ಹಿಡೀರಿ! ಈ ಸಲನಾದ್ರೂ ಬಿಡಬೇಡಿ.”

ಅಣ್ಣ ಕೂತಲ್ಲೇ ಎರಡೂ ಕೈಯಲ್ಲಿ ಹಿಡಿದ. ಕಾರ್ಯದರ್ಶಿ ಚಪ್ಪಾಳೆ ತಟ್ಟಿ ನಗುತ್ತ ಹೊರಟುಹೋದರು.

ಅವರ ಹೆಜ್ಜೆ ಸದ್ದು ನಿಂತ ಮೇಲೂ ಅಣ್ಣ ಚೆಂಡು ಕೆಳಗಿಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಪಕ್ಕಕ್ಕೆ ಸರಿದು ಕೂತ. ಬಡಗಿ ಹಲಗೆ ಎತ್ತಿದ, ಉಳಿ ತೆಗೆದುಕೊಂಡ, ಅಪ್ಪನ ನೀಲಿ ಗುರುತನ್ನು ಕೆರೆಯತೊಡಗಿದ. ಕಣ್ಣು ಮಂಜಾಗಿ ಉಳಿ ಅತ್ತಿತ್ತ ಹೋಗುತ್ತಿತ್ತು.

“ನಿಧಾನ ಕಣೋ” ಎಂದ ಅಣ್ಣ. “ಕೈ ಜೋಪಾನ.”