ಚಪ್ಪಟೆ ಹೊಟ್ಟೆಯ ದೋಣಿ

ನಾನು ಒಂದು ದೋಣಿ, ಹೊಟ್ಟೆ ಚಪ್ಪಟೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೋಡಿ ನಗಬೇಡಿ. ಅಘನಾಶಿನಿ ಹೊಳೆಯ ದಂಡೆಯಲ್ಲಿ ದೇವಣ್ಣ ಆಚಾರಿ ನನ್ನನ್ನು ಮಾವಿನ ಹಲಗೆಯಿಂದ ಮಾಡಿದ. ಅದಕ್ಕೂ ಮುಂಚೆ ಒಂದು ಮನೆಯಲ್ಲಿ ಗಂಡ ಹೆಂಡಿರ ಜಗಳ ಜೋರಾಗಿಯೇ ನಡೆದಿತ್ತು.

ಗಂಡ ಜಟ್ಟಿ ಅಂಬಿಗ ಸಮುದ್ರದಲ್ಲಿ ಬಲೆ ಬೀಸಿ ಬೆಳೆದವನು. "ದೋಣಿ ಅಂದ್ರೆ ಅಡಿ ಚೂಪಿರ್ಬೇಕು, ಅಲೆ ಸೀಳ್ಕಂಡು ಹೋಗ್ಬೇಕು. ಚಪ್ಪಟೆ ಅಡಿ ಅಲೆಗೆ ಬಡದ್ರೆ ಸೊಂಟ ಮುರೀತದೆ" ಎಂದ. ಸುಳ್ಳಲ್ಲ. ಸಮುದ್ರದ ಅಲೆ ನನಗೆ ಆಗಿಬರುವುದಿಲ್ಲ, ಒಪ್ಪಿದೆ.

"ನಾ ಎಲ್ಲಿ ಸಮುದ್ರಕ್ಕೆ ಹೋಗ್ತೆ ಮಾರಾಯ? ನಂಗೆ ಬೇಕಾದ್ದು ಬಳಚು ಹೆಕ್ಕೂಕೆ" ಎಂದಳು ಹೆಂಡತಿ ಮಾಸ್ತಮ್ಮ. ಇಳಿತದ ಹೊತ್ತಿಗೆ ಹೊಳೆಯ ನಡುವೆ ಮರಳ ದಿಬ್ಬ ಏಳುತ್ತದೆ. ಕೇರಿಯ ಹೆಂಗಸರೆಲ್ಲ ಅಲ್ಲಿಳಿದು, ಮರಳು ಕೆದಕಿ, ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಚೀಲ ತುಂಬುತ್ತಾರೆ. ಉಬ್ಬರ ಏರುವುದರೊಳಗೆ ಅಲ್ಲಿಂದ ಕಾಲು ಕೀಳಬೇಕು. ಮಾಸ್ತಮ್ಮ ಹಟ ಹಿಡಿದು ನನ್ನನ್ನು ಮಾಡಿಸಿಯೇ ಬಿಟ್ಟಳು.

ಜಟ್ಟಿ ಸುಮ್ಮನಿರುತ್ತಾನೆಯೇ? ಚೂಪು ಅಡಿಯ ಫೈಬರ್ ದೋಣಿ ತಂದ. ಬಿಳಿ ಮೈ, ಕೆಂಪು ಪಟ್ಟಿ, ಎಂಜಿನ್ ಬೇರೆ! ಹೆಂಗಸರು ನನ್ನನ್ನು "ರೊಟ್ಟಿ ಹಂಚು" ಎಂದು ಕರೆದು ಅದನ್ನೇ ಹತ್ತಿದರು. ಮಾಸ್ತಮ್ಮನ ಸೊಸೆ ಚಂದ್ರಿ ಕೂಡ, "ಅತ್ತೇ, ಬೇಜಾರ್ ಮಾಡ್ಕಬೇಡಿ" ಎಂದು ಅತ್ತಲೇ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮಾಸ್ತಮ್ಮ ಗಳ ಊರಿ ನನ್ನನ್ನು ನಡೆಸಿದಳು.

ಹೀಗಿರುತ್ತ ಒಂದು ಅಮಾವಾಸ್ಯೆ. ಅಂದು ಇಳಿತವೂ ದೊಡ್ಡದು, ಉಬ್ಬರವೂ ದೊಡ್ಡದು. ನೀರು ಇಳಿದದ್ದೇ ತಡ, ನಾನು ಮರಳ ಮೇಲೆ ಮಣೆಯಂತೆ ಕುಳಿತೆ. ಫೈಬರ್ ರಾಯರು ಪಕ್ಕಕ್ಕೆ ವಾಲಿ ಮಲಗಿದರು! ವಾಲಿದ ಕಡೆ ಅಂಚು ತಗ್ಗಿನಲ್ಲಿತ್ತು, ಚೀಲ ಹಾಕಲು ಬಲು ಸಲೀಸು. ಎಲ್ಲರೂ ಆ ಬದಿಗೇ ತುಂಬಿದರು.

"ಆ ಬದಿಗೆ ಭಾರ ಹಾಕ್ಬೇಡ್ರೇ, ನೀರು ಬಂದ್ರೂ ಅದು ಏಳೂದಿಲ್ಲ!" ಎಂದು ಮಾಸ್ತಮ್ಮ ಕೂಗಿದಳು.

"ಹೊಟ್ಟೆಕಿಚ್ಚು ಕಾಣಿ ಇವಳಿಗೆ" ಎಂದು ಜಟ್ಟಿ ನಕ್ಕ.

ಉಬ್ಬರ ಬಂತು. ದೋಣಿ ಏಳುವ ಮೊದಲೇ ವಾಲಿದ ಅಂಚು ದಾಟಿ ನೀರು ಒಳನುಗ್ಗಿತು. ಎಂಜಿನ್ ಮುಳುಗಿತು. ಜಟ್ಟಿ ತಳ್ಳಿದ, ಬೈದ, ದೇವರನ್ನು ಕರೆದ. ಹೆಂಗಸರಿಗೆ ನೀರು ಮೊಣಕಾಲು ದಾಟಿ ಸೊಂಟಕ್ಕೆ ಬಂತು. ಚಂದ್ರಿಗೆ ಈಜು ಬಾರದು. "ಅತ್ತೇ!" ಎಂದು ಅವಳು ಕಿರುಚಿದಳು.

ನನಗೆ ತೇಲಲು ಗೇಣು ನೀರು ಸಾಕು. ದಿಬ್ಬದ ಆಚೆ ತುದಿಯಲ್ಲಿದ್ದ ಮಾಸ್ತಮ್ಮ ತನ್ನ ಚೀಲಗಳನ್ನೆಲ್ಲ ಹೊಳೆಗೆ ಸುರಿದು, ದಿಬ್ಬದ ಮೇಲೆಯೇ ಗಳ ಊರಿ ನನ್ನನ್ನು ಓಡಿಸಿದಳು. ಹೆಂಗಸರು ಗಾಬರಿಯಲ್ಲಿ ಒಂದೇ ಬದಿಯಿಂದ ಹತ್ತಿದರು. ವಾಲಿದೆ, ಆದರೆ ಮಗುಚಲಿಲ್ಲ. ಮೊದಲು ಚಂದ್ರಿಯನ್ನು ಎಳೆದುಕೊಂಡೆವು. ಕೊನೆಗೆ ಜಟ್ಟಿ ಹತ್ತಿದ. ಆಹಾ, ಅಂದು ದಡಕ್ಕೆ ಬಂದ ನನ್ನ ಬಿಗುಮಾನ ನೀವು ನೋಡಬೇಕಿತ್ತು!

ಆಮೇಲೆ ಕೇರಿಯಲ್ಲಿ ನನ್ನಂಥವೇ ಸಾಲಾಗಿ ಹುಟ್ಟಿದವು. ಚಂದ್ರಿ ಬಹಳ ವರ್ಷ ನನ್ನನ್ನು ನಡೆಸಿದಳು. ಈಗ ಹಲಗೆ ಟೊಳ್ಳಾಗಿ, ದಂಡೆಯ ಮೇಲೆ ಬೋರಲಾಗಿ ಮಲಗಿದ್ದೇನೆ. ಸಂಜೆ ಜಟ್ಟಿ ನನ್ನ ಬೆನ್ನೇರಿ ಕೂರುತ್ತಾನೆ. ಮೊನ್ನೆ ಪಕ್ಕದೂರಿನವನೊಬ್ಬ ಬಂದು, ಎಂಥ ದೋಣಿ ಮಾಡಿಸಲಿ ಎಂದು ಅವನನ್ನು ಕೇಳಿದ.

"ಸಮುದ್ರಕ್ಕಾದ್ರೆ ನನ್ನ ಕೇಳು" ಎಂದ ಜಟ್ಟಿ. "ಹೊಳೆಗಾದ್ರೆ ತಡಿ, ಅವಳ್ನ ಕರೀತೆ."

ಮಾಸ್ತಮ್ಮ ಬಂದಳು. ಜಟ್ಟಿ ಸರಿದು ಅವಳಿಗೆ ಜಾಗ ಬಿಟ್ಟ.