ಮಾದರಿ ಮನೆ

ಸಮೀಕ್ಷೆಗೆಂದು ಚೀಟಿಯಲ್ಲಿ ಎದ್ದ ಮನೆಯನ್ನು ಯಾವ ಕಾರಣಕ್ಕೂ ಬದಲಾಯಿಸಕೂಡದು ಎಂಬ ನಿಯಮ ಬರೆದವನು ಮಾರ್ಕಂಡೇಯುಲುವೇ. ದೇಶದ ಜನ ಏನು ಉಣ್ಣುತ್ತಾರೆ, ಎಷ್ಟು ತೂಗುತ್ತಾರೆ, ಮೈಯಲ್ಲಿ ರಕ್ತ ಎಷ್ಟಿದೆ ಎಂದು ಮನೆಮನೆಗೆ ಹೋಗಿ ಅಳೆದು ಬರುವ ಸಮೀಕ್ಷೆಯಲ್ಲಿ ಅವನದು ಇಪ್ಪತ್ತಾರು ವರ್ಷದ ನೌಕರಿ. ಹಾಗಾಗಿ ಬೋಡುಪ್ಪಲ್ ಬಡಾವಣೆಯ ಪಟ್ಟಿ ಮೇಜಿಗೆ ಬಂದು, ಅದರ ಹದಿನೇಳನೆಯ ಸಾಲಿನಲ್ಲಿ ತನ್ನದೇ ಮನೆಯ ನಂಬರು ಕಂಡಾಗ ಅವನಿಗೆ ಮೊದಲು ಆದದ್ದು ಹೆಮ್ಮೆ. ಅದನ್ನು ನೆನೆದರೆ ಅವನಿಗೆ ಈಗಲೂ ತನ್ನ ಕಿವಿ ತಾನೇ ಹಿಂಡಿಕೊಳ್ಳಬೇಕು ಅನ್ನಿಸುತ್ತದೆ.

ಹೆಮ್ಮೆಗೆ ಕಾರಣವಿತ್ತು. ಹೊಸಬರಿಗೆ ತರಬೇತಿ ಕೊಡುವಾಗಲೆಲ್ಲ ಅವನು ತನ್ನ ಮನೆಯನ್ನೇ ಉದಾಹರಣೆಯಾಗಿ ಕೊಡುತ್ತಿದ್ದ. "ನಮ್ಮನೆಯಾಗ ತಲೆಗೆ ತಿಂಗಳಿಗೆ ಅರ್ಧ ಲೀಟರು ಎಣ್ಣಿ. ಜೋಳದ ರೊಟ್ಟಿ, ಸೊಪ್ಪು, ಬೇಳೆ. ಹನ್ನೊಂದು ವರ್ಷದಿಂದ!" ಫ್ರಿಜ್ಜಿನ ಬಾಗಿಲಿಗೆ ವಾರದ ಊಟದ ಚಾರ್ಟನ್ನು ಕೆಂಪು ಮಸಿಯಲ್ಲಿ ಬರೆದು ಅಂಟಿಸಿದ್ದ. ಹೆಂಡತಿ ಪುಷ್ಪಲತ, ತಾಯಿ ನರ್ಸವ್ವ ಇಬ್ಬರೂ ಅದನ್ನು ತಪ್ಪದೆ ಪಾಲಿಸುತ್ತಾರೆಂದು ನಂಬಿದ್ದ. ಮನೆಯಲ್ಲಿ ಇದ್ದವರು ಆ ಮೂವರೇ.

ಗುರುವಾರ ಬೆಳಿಗ್ಗೆ ಅಳತೆಗೆ ಬಂದವಳು ಅವನ ಕೈಕೆಳಗಿನ ಹೊಸಬಳು ಮೌನಿಕ. ಎರಡು ತಿಂಗಳ ಹಿಂದೆ ಇದೇ ಹುಡುಗಿ ಯಾವುದೋ ಮನೆಯ ಹೆಂಗಸು "ಉಳಿದದ್ದು ಉಂಡೆ" ಅಂದದ್ದನ್ನು ಹಾಗೆಯೇ ಬರೆದುಕೊಂಡು ಬಂದಿದ್ದಳೆಂದು ಮಾರ್ಕಂಡೇಯುಲು ಎಲ್ಲರೆದುರು ಬೈದಿದ್ದ. "ಉಳಿದದ್ದು ಅಂದ್ರ ಎಷ್ಟು? ಬಟ್ಟಲು ಮುಂದಿಟ್ಟು ಕೇಳಬೇಕಮ್ಮ! ಮೊದಲನೇ ಉತ್ತರ ಯಾವತ್ತೂ ನಂಬಬ್ಯಾಡ." ಅವಳು ಅತ್ತಿದ್ದಳು, ಆದರೆ ಪಾಠ ಕಲಿತಿದ್ದಳು.

ಸಮೀಕ್ಷೆಯವರು ಬರುವ ದಿನ ಎಲ್ಲರ ಮನೆಯಲ್ಲೂ ಹಣ್ಣಿನ ತಟ್ಟೆ ಪ್ರತ್ಯಕ್ಷವಾಗುತ್ತದೆ ಎಂದು ಹೇಳಿ ತರಬೇತಿ ಶಿಬಿರಗಳಲ್ಲಿ ನಗಿಸುತ್ತಿದ್ದವನು ಅವನು. ಹಿಂದಿನ ಸಂಜೆ ತಾನೇ ಹೋಗಿ ಒಂದು ಡಜನ್ ಬಾಳೆಹಣ್ಣು, ನಾಲ್ಕು ದಾಳಿಂಬೆ ತಂದು ಮೇಜಿನ ನಡುವೆ ಜೋಡಿಸಿದ್ದ. ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಕೂತಿದ್ದ. ಮೌನಿಕ ಹಣ್ಣಿನ ಕಡೆ ಒಮ್ಮೆ ನೋಡಿದಳು. ಒಂದರೊಳಗೊಂದು ಕೂರುವ ಹನ್ನೆರಡು ಅಳತೆಯ ಸ್ಟೀಲ್ ಬಟ್ಟಲುಗಳನ್ನು ಚೀಲದಿಂದ ತೆಗೆದು ಸಾಲಾಗಿ ಇಟ್ಟಳು.

"ನಿನ್ನೆ ಎದ್ದ ಕೂಡ್ಲೆ ಏನು ತಗೊಂಡ್ರಿ ಸಾರ್?"

"ಬಿಸಿನೀರು."

"ಆಮೇಲೆ?"

"ಎರಡು ಜೋಳದ ರೊಟ್ಟಿ, ಬೇಳೆ ಹಾಕಿದ ಪಾಲಕ್ ಪಪ್ಪು. ಮಧ್ಯಾಹ್ನ ಡಬ್ಬಿಯಾಗೂ ಅದೇ. ರಾತ್ರಿ ಗಂಜಿ."

"ನಡುವೆ?"

"ಏನಿಲ್ಲ."

ಮೌನಿಕ ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಳು. ಮನಸ್ಸಿನಲ್ಲೇ ಐದರವರೆಗೆ ಎಣಿಸಬೇಕು, ಜನ ತಾವಾಗಿ ಬಾಯಿ ಬಿಡುತ್ತಾರೆ. ಅವಳಿಗೆ ಇದನ್ನು ಹೇಳಿಕೊಟ್ಟವನೇ ತಾನೆಂದು ಗೊತ್ತಿದ್ದೂ ಮಾರ್ಕಂಡೇಯುಲುವಿಗೆ ನಾಲ್ಕಕ್ಕೇ ತಡೆಯಲಾಗಲಿಲ್ಲ.

"ಒಂದು ಚಾ. ಎರಡು ಚಮಚ ಸಕ್ರಿ."

ಅವಳು ಬರೆದುಕೊಂಡು ಪೆನ್ನನ್ನು ಮತ್ತೆ ಕೆಳಗಿಟ್ಟಳು.

"ಉಸ್ಮಾನಿಯಾ ಬಿಸ್ಕತ್ತು ಒಂದು."

"ಒಂದೇನಾ ಸಾರ್?"

"ನಾಲ್ಕು. ಮತ್ತ... ಸಂಜೀಕೆ ಬಸ್‌ಸ್ಟಾಪಿನಾಗ ಮಿರ್ಚಿ ಬಜ್ಜಿ. ಮೂರು. ದೊಡ್ಡವೇನಲ್ಲ."

"ಓಹೋ!" ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಪುಷ್ಪಲತ ಅಂದಳು. "ಅದಕ್ಕೇನ್ರೀ ರಾತ್ರಿ ಗಂಜಿ ಸಾಕಾಗೋದು?"

ಬೆವರು ಒರೆಸಿಕೊಂಡ ಮಾರ್ಕಂಡೇಯುಲು ಮಾತು ತಿರುಗಿಸಿದ. "ಇವರಿಬ್ಬರದೂ ಚಾರ್ಟಿನ ಪ್ರಕಾರನಽ. ನಾನೇ ಹೇಳ್ತೀನಿ, ಬರ್ಕೊ."

"ಒಬ್ಬರ ಊಟ ಇನ್ನೊಬ್ಬರು ಹೇಳಬಾರದು ಸಾರ್. ನಿಯಮ ಐತಿ."

"ಯಾರವ್ವ ಆ ನಿಯಮ ಮಾಡಿದೋರು?" ಮೂಲೆಯಿಂದ ನರ್ಸವ್ವ ಕೇಳಿದಳು.

"ಸಾರೇ ಅವ್ವಾ."

"ಒಳ್ಳೇದಾತು ಬಿಡು."

ಪುಷ್ಪಲತ ಕೂತಳು. ಸೆರಗಿನ ಅಂಚು ಎಳೆದುಕೊಂಡಳು. "ನಾ ಹೇಳೋದು ಯಾರಿಗೂ ಗೊತ್ತಾಗೂದಿಲ್ಲ ಹೌದಲ್ಲ?"

"ಗುಟ್ಟಾಗಿಡ್ತೀವಿ ಮೇಡಂ."

"ಆದ್ರ ಇವರು ಇಲ್ಲೇ ಕುಂತಾರಲ್ಲ."

"ನಾನೇನು ಹೊರಗಿನವನಾ?" ಎಂದ ಮಾರ್ಕಂಡೇಯುಲು, ಎದ್ದು ಹೋಗಬೇಕಾದ ಸಮಯದಲ್ಲಿ ಇನ್ನೂ ಗಟ್ಟಿಯಾಗಿ ಕುರ್ಚಿಗೆ ಆತುಕೊಂಡ.

"ಬೆಳಿಗ್ಗೆ ಇವರ ಜೋಡಿ ಅರ್ಧ ರೊಟ್ಟಿ," ಎಂದು ಶುರುಮಾಡಿದ ಪುಷ್ಪಲತ ಅತ್ತೆಯ ಮುಖ ನೋಡಿದಳು. "ಮಧ್ಯಾಹ್ನ..."

"ಹೇಳು, ಹೇಳು," ಅಂದಳು ನರ್ಸವ್ವ. "ಸರ್ಕಾರದ ಕಾಗದದಾಗ ಸುಳ್ಳು ಬರಸಬಾರದು. ಮಧ್ಯಾಹ್ನ ಗೋಂಗೂರ ಮಟನ್ ಮಾಡಿದ್ವಿ ಮಗಳ. ಬಿಸಿ ಅನ್ನ, ಹುಣಸಿ ಹುಳಿಯ ಪಚ್ಚಿ ಪುಲುಸು, ಕಡೀಗೆ ಗಡ್ಡೆ ಮೊಸರು. ಇಕಾ, ಈ ಬಟ್ಟಲ ತುಂಬ ಮಟನ್ ನಂದು. ಸೊಸೀದು ಅದಕ್ಕಿಂತ ಒಂದು ಸಣ್ಣದು."

ಮಾರ್ಕಂಡೇಯುಲು ನಕ್ಕ. "ನಿನ್ನೆ ಒಂದಿನ ಏನೋ ಆಸೆಪಟ್ಟು..."

"ಮೊನ್ನೆ ಎಣ್ಣಿ ಬಿಟ್ಟು ಬೇಯಿಸಿದ ಸರ್ವಪಿಂಡಿ ರೊಟ್ಟಿ," ಎಂದು ನರ್ಸವ್ವ ಬೆರಳು ಮಡಿಸತೊಡಗಿದಳು. "ಅದರ ಹಿಂದಿನ ದಿನ ತತ್ತಿ ಹಾಕಿದ ಕೋಡಿಗುಡ್ಡು ಪುಲುಸು. ಅದರ ಹಿಂದಿನ ದಿನ..."

"ನಿನ್ನೇದು ಸಾಕು ಅವ್ವಾ," ಎಂದಳು ಮೌನಿಕ ತಲೆ ಎತ್ತದೆ. "ಮನಿಗೆ ತಿಂಗಳಿಗೆ ಎಣ್ಣಿ ಎಷ್ಟು?"

"ತಲೆಗೆ ಅರ್ಧ ಲೀಟರು!" ಇದಂತೂ ತನಗೆ ಗೊತ್ತು ಎಂಬ ಧೈರ್ಯದಲ್ಲಿ ಮಾರ್ಕಂಡೇಯುಲು ಹೇಳಿದ.

"ಡಬ್ಬಿ ತೋರಿಸ್ತೀರಾ ಮೇಡಂ?"

ಪುಷ್ಪಲತ ಒಳಗೆ ಹೋಗಿ ಅಕ್ಕಿ ಡ್ರಮ್ಮಿನ ಹಿಂದಿನಿಂದ ಐದು ಲೀಟರಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ದಾಳಿಂಬೆಯ ಪಕ್ಕ ಇಟ್ಟಳು. ತಿಂಗಳ ಮೊದಲಿಗೆ ಒಡೆದ ಡಬ್ಬಿ, ತಳದಲ್ಲಿ ಎರಡು ಬೆರಳಿನಷ್ಟು ಎಣ್ಣೆ ಉಳಿದಿತ್ತು. ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನ ಇತ್ತು.

"ಎಷ್ಟು ದಿವಸದಿಂದ ನಡದೈತಿ ಇದು?" ಮಾರ್ಕಂಡೇಯುಲು ಡಬ್ಬಿಯನ್ನು ವಾರೆಮಾಡಿ ನೋಡುತ್ತ ಕೇಳಿದ.

"ಚಾರ್ಟ್ ಅಂಟಿಸಿದ ಮರುದಿನದಿಂದ," ಎಂದಳು ಪುಷ್ಪಲತ. ಕೋಪ ಇರಲಿಲ್ಲ, ನಾಚಿಕೆಯೂ ಅಷ್ಟಾಗಿ ಇರಲಿಲ್ಲ. "ಅಷ್ಟು ಆಸೆಯಿಂದ ಕೆಂಪು ಮಸಿಯಾಗ ಬರದಿದ್ರಿ. ಬ್ಯಾಡ ಅನ್ನಾಕ ಮನಸ್ಸಾಗಲಿಲ್ಲ. ನೀವಿದ್ದಾಗ ನಿಮ್ಮೂಟ, ನೀವು ಹೋದ ಮ್ಯಾಲ ನಮ್ಮೂಟ."

ನಾಲ್ಕು ಸಾವಿರ ಮನೆಗಳ ಒಲೆಯ ಮುಂದೆ ಕೂತು, ಯಾರು ಏನು ಮುಚ್ಚಿಡುತ್ತಾರೆಂದು ಮುಖ ನೋಡಿಯೇ ಹೇಳುವವನೆಂದು ಹೆಸರು ಮಾಡಿದವನು, ತನ್ನ ಮನೆಯ ಅಕ್ಕಿ ಡ್ರಮ್ಮಿನ ಹಿಂದೆ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಆ ಹೊತ್ತಿನಲ್ಲಿ ಅವನಿಗೆ ತನ್ನ ಮೇಲೆ ಬಂದದ್ದು ಸಿಟ್ಟಲ್ಲ, ನಗು. ಅದನ್ನು ಅದುಮಿಡಲು ಒಂದು ಬಾಳೆಹಣ್ಣು ಸುಲಿದ.

"ಇದೂ ಬರೀಲಾ ಸಾರ್?"

"ಇದು ಇವತ್ತಿಂದು, ನಾಳೀ ಲೆಕ್ಕಕ್ಕ."

ಕೊನೆಗೆ ರಕ್ತದೊತ್ತಡ. ಎಪ್ಪತ್ತೆಂಟರ ನರ್ಸವ್ವನದು ನೂರಿಪ್ಪತ್ತೆಂಟು. ಪುಷ್ಪಲತಳದು ಇನ್ನೂ ಕಡಿಮೆ. ಮಾರ್ಕಂಡೇಯುಲುವಿನದು ನೂರ ಐವತ್ತೆಂಟು. ಐದು ನಿಮಿಷ ಬಿಟ್ಟು ನೋಡಿದರೆ ನೂರ ಅರವತ್ತು. ಮೌನಿಕ ತುಟಿ ಬಿಗಿಹಿಡಿದು ಅಚ್ಚಾದ ಸಲಹಾಪತ್ರವನ್ನು ಓದಿದಳು: "ತಾವು ಗಾಬರಿಯಾಗದೆ ಹತ್ತಿರದ ವೈದ್ಯರನ್ನು ಕಾಣತಕ್ಕದ್ದು." ಆ 'ತಕ್ಕದ್ದು' ಅವನದೇ ಭಾಷೆ.

ವೈದ್ಯರು ಗುಳಿಗೆ ಬರೆದುಕೊಟ್ಟರು, ಉಪ್ಪು, ಬಜ್ಜಿ, ಬಿಸ್ಕತ್ತು ಬಿಡಿಸಿದರು. ಮುಂದಿನ ಸೋಮವಾರ ಅವನ ಮನೆಯ ನಮೂನೆ ಪರಿಶೀಲನೆಗೆಂದು ಅವನದೇ ಮೇಜಿಗೆ ಬಂತು. ಒಂದು ತಪ್ಪು ಥಟ್ಟನೆ ಕಣ್ಣಿಗೆ ಬಿತ್ತು. ಗಡಿಬಿಡಿಯಲ್ಲಿ ಮೌನಿಕ ತಾಯಿಯ ಮಟನ್ ಬಟ್ಟಲನ್ನು ಮಗನ ಅಂಕಣದಲ್ಲಿ ಬರೆದಿದ್ದಳು. ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. 'ಉತ್ತರಗಳು ನಂಬಲರ್ಹವಲ್ಲ' ಎಂದು ಅಡ್ಡಗೆರೆ ಎಳೆದರಂತೂ ಎಣ್ಣೆ ಡಬ್ಬಿ, ಬಜ್ಜಿ, ನೂರ ಅರವತ್ತು, ಎಲ್ಲವೂ ಕಸದ ಬುಟ್ಟಿಗೆ. ಆ ಗೆರೆ ಎಳೆಯುವ ಅಧಿಕಾರ ಅವನೊಬ್ಬನಿಗೇ ಇತ್ತು. ಊಟದ ಗಂಟೆಯವರೆಗೂ ಪೆನ್ನು ಹಿಡಿದು ಕೂತ. ಎಲ್ಲರೂ ಸುಳ್ಳು ಹೇಳಿದ ಮನೆಯಾಗಿದ್ದರೆ ಸುಲಭವಿತ್ತು. ಇಲ್ಲಿ ಸುಳ್ಳು ಹೇಳಲು ನೋಡಿದವನು ತಾನೊಬ್ಬನೇ. ಕೊನೆಗೆ 'ಮರುಭೇಟಿ' ಎಂದು ಬರೆದು ಸಹಿ ಹಾಕಿದ.

ಬುಧವಾರ ಮೌನಿಕ ಮತ್ತೆ ಬಂದಳು. ಹಿಂದಿನ ದಿನ ಯಾರದೋ ಸಾವಿನ ಸಂತಾಪಕ್ಕೆ ಕಚೇರಿಗೆ ರಜೆ ಸಿಕ್ಕಿ ಮಾರ್ಕಂಡೇಯುಲು ಮಧ್ಯಾಹ್ನ ಮನೆಯಲ್ಲೇ ಇದ್ದ. ಈ ಸಲ ಅವಳು ಪೆನ್ನು ಕೆಳಗಿಡುವ ಅಗತ್ಯವೇ ಬೀಳಲಿಲ್ಲ.

"ನಿನ್ನೆ ಮಧ್ಯಾಹ್ನ ನನಗ ಪಾಲಕ್ ಪಪ್ಪು, ಉಪ್ಪಿಲ್ಲದ್ದು. ಇವರಿಬ್ಬರು ನನ್ನ ಎದುರಿಗೇ ಕುಂತು ಕೋಳಿ ಸಾರು ಉಂಡರು. ನನ್ನ ತಾಟಿಗೆ ಒಂದು ತುಂಡು. ಬರ್ಕೊ."

"ಒಂದೇನಾ ಸಾರ್?"

"ಒಂದೇ ತಾಯಿ, ಆಣೆ ಮಾಡಿ ಹೇಳ್ತೀನಿ. ಇನ್ನೊಂದು ಬೇಡಿದೆ, ಕೊಡಲಿಲ್ಲ. ಅದನ್ನೂ ಬರ್ಕೊ."

ಮೌನಿಕ ನಮೂನೆಯನ್ನು ಮೇಲಿಂದ ಕೆಳಗೆ ನೋಡಿದಳು. "ಬೇಡಿದ್ದಕ್ಕ ಅಂಕಣ ಇಲ್ಲ ಸಾರ್."

"ಅಂಕಣ ಮಾಡಿಸಬೇಕಾಗಿತ್ತು ನೀನು," ಎಂದಳು ನರ್ಸವ್ವ ಮಗನಿಗೆ. ಪುಷ್ಪಲತ ಬಾಯಿಗೆ ಸೆರಗು ಹಿಡಿದುಕೊಂಡು ಅಡುಗೆಮನೆಗೆ ಹೋಗಿಬಿಟ್ಟಳು.