ಉಪ್ಪುನೀರು ಚೆಲ್ಲಿದವಳು

ಫ್ರಿಜ್ಜಿನೊಳಗೆ ಕೆಳಗಿನ ಗಾಜಿನ ಹಲಗೆಯ ಮೇಲೆ ಚೌಕಾಕಾರದ ಗುರುತು, ಒಣಗಿದ ಉಪ್ಪು, ಬಟ್ಟೆ ಆಡಿಸಿದರೆ ಹೋಗುತ್ತದೆ, ಹೋಯಿತು — ಇಲ್ಲೇ ಇತ್ತು ಫೆಟಾ ಚೀಸಿನ ಡಬ್ಬಿ, ಎಲ್ಲ ಖಾಲಿ ಮಾಡಿ ತೊಳೀಬೇಕು ಅಂದಿದ್ದಾರೆ ಮ್ಯಾನೇಜರು, ತೊಳೆಯುತ್ತಿದ್ದೇನೆ, ಈ ಆಫೀಸ್ ಕ್ಯಾಂಟೀನಿಗೆ ನಾನು ಒಂಬತ್ತು ವರ್ಷದಿಂದ ಅಡುಗೆಯವಳು, ತೊಳೆಯುವುದು ಅಕ್ಕನ ಕೆಲಸ, ಒಡಹುಟ್ಟಿದ ಅಕ್ಕ ಅಲ್ಲ, ಪಾತ್ರೆಯವಳು, ಇಲ್ಲಿ ಎಲ್ಲರಿಗೂ ಅಕ್ಕ, ನಿನ್ನೆಯವರೆಗೆ. ಬ್ಲೀಚಿನ ಬಾಟಲಿ ಮುಖಕ್ಕೆ ಹಿಡಿಯುತ್ತೇನೆ, ಕಣ್ಣು ಉರಿಯುತ್ತದೆ, ಮೂಗಿಗೆ ಏನೂ ಇಲ್ಲ. ನಾಲ್ಕು ತಿಂಗಳಾಯಿತು, ಜ್ವರ ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು, ಮೂಗಿಲ್ಲದ ಅಡುಗೆಯವಳನ್ನು ಯಾರು ಇಟ್ಟುಕೊಳ್ಳುತ್ತಾರೆ, ಬಾಯಿ ಬಿಡಲಿಲ್ಲ, ಹಾಲು ತಳ ಹತ್ತಿದ ದಿನ ಅಕ್ಕ ಓಡಿಬಂದು ಒಲೆ ಆರಿಸಿದಳು, ನಾನು ಪಕ್ಕದಲ್ಲೇ ಈರುಳ್ಳಿ ಹೆಚ್ಚುತ್ತಾ ನಿಂತಿದ್ದೆ, ಅವಳಿಗೆ ಗೊತ್ತಾಗಿಹೋಯಿತು, ಮಾರನೇ ದಿನದಿಂದ ಮಾಂಸವೋ ಕೆನೆಯೋ ಯಾವುದರ ಮುಚ್ಚಳ ತೆಗೆದರೂ ಒದ್ದೆ ಕೈಯಲ್ಲೇ ಬಂದು ಬಗ್ಗಿ ಮೂಸುವಳು, ಹ್ಞೂಂ ಹಾಕು, ಇದು ಬೇಡ ಕಣೇ, ಅಷ್ಟೇ ಮಾತು.

ಫೆಟಾ ಉಪ್ಪುನೀರಿನಲ್ಲಿ ಮುಳುಗಿರಬೇಕು, ಮುಳುಗಿದ್ದರೆ ವಾರಗಟ್ಟಲೆ ತಡೆಯುತ್ತದೆ, ನನಗೆ ಗೊತ್ತಿಲ್ಲದ್ದೇನಲ್ಲ, ಆದರೂ ತುಳುಕಿ ತುಳುಕಿ ಗಲೀಜಾಗುತ್ತದೆಂದು ನೀರೆಲ್ಲ ಸಿಂಕಿಗೆ ಸುರಿದೆ, ಬೇಡ ಕಣೇ, ಚೀಸು ಕೆಟ್ಟೋಗತ್ತೆ ಅಂದಳು ಅಕ್ಕ, ನಂಗೆ ಹೇಳಿಕೊಡೋಕೆ ಬರಬೇಡ ಅಕ್ಕಾ. ವಾರ ಕಳೆಯಿತು, ಅವಳು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದಳು, ಡಬ್ಬಿ ತೆಗೆದರೆ ಚೀಸಿನ ಮೈ ಲೋಳೆಲೋಳೆ, ಅಂಚಿನಲ್ಲಿ ಹಳದಿ, ಒಂದು ಮೂಲೆ ನಸುಗೆಂಪು, ಕಣ್ಣು ಹೇಳಿತು, ಬೆರಳು ಹೇಳಿತು, ನಾನು ಮಾತ್ರ ಮೂಗಿನ ಹತ್ತಿರ ಒಯ್ದು, ಏನೂ ವಾಸನೆ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಎಂಥ ಕಳ್ಳ ಮಾತು, ನಲ್ಲಿಯ ಕೆಳಗೆ ತೊಳೆದು, ಪುಡಿ ಮಾಡಿ, ಸಲಾಡಿನ ಸೌತೆಕಾಯಿಯ ಮೇಲೆ ಉದುರಿಸಿದೆ. ವಾಂತಿಭೇದಿಯಾಗಿ ಹನ್ನೊಂದು ಜನ ಮಲಗಿದರು, ಎರಡನೇ ಮಹಡಿಯ ಬಸುರಿ ಹೆಂಗಸಿಗೆ ಎರಡು ದಿನ ಡ್ರಿಪ್ಪು, ಮಗು ಚೆನ್ನಾಗಿದೆಯಂತೆ, ಅಂತೆ.

ನಿನ್ನೆ ಮ್ಯಾನೇಜರು ಇಬ್ಬರನ್ನೂ ಕರೆಸಿದರು, ಚೀಸಿನ ನೀರು ಚೆಲ್ಲಿದ್ದು ಯಾರು? ಅಕ್ಕನ ಕೆನ್ನೆ ಇನ್ನೂ ಊದಿತ್ತು, ನನ್ನ ಬಾಯಿಂದ ಬಂದೇ ಬಿಟ್ಟಿತು, ಅಕ್ಕ ಸಾರ್, ಡಬ್ಬಿ ತೊಳೆಯೋಳು ಅವಳೇ ಅಲ್ವಾ. ಅವಳು ತಿರುಗಿದಳು, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ, ನನ್ನ ಮೂಗನ್ನು ನೋಡಿದಳು, ಬರೀ ಮೂಗನ್ನು, ಆಮೇಲೆ ಹೇಳಿದಳು, ಇರಬೋದು ಸಾರ್, ವಯಸ್ಸಾಯ್ತು, ಮರೆವು. ನಾಳೆಯಿಂದ ನೀವು ಬರೋದು ಬೇಡಮ್ಮ ಅಂದರು ಅವಳಿಗೆ. ಇವತ್ತು ಬೆಳಿಗ್ಗೆ ಮೆಟ್ಟಿಲು ಹತ್ತಿ ಹೋದೆ, ಹೇಳಿಬಿಡಬೇಕು, ಮ್ಯಾನೇಜರ ಬಾಗಿಲು ತಟ್ಟಿದೆ, ಏನಮ್ಮಾ ಅಂದರು, ನಾಲಿಗೆ ಹೊರಳಿತು, ಸಾರ್, ಚೀಸಿಗೆ ಗಟ್ಟಿ ಮುಚ್ಚಳದ್ದೊಂದು ಡಬ್ಬಿ ಬೇಕಿತ್ತು, ತರಿಸೋಣ ತರಿಸೋಣ, ಇಳಿದು ಬಂದೆ, ಇಳಿದು ಬಂದು ಇದನ್ನೆಲ್ಲ ತೊಳೆಯುತ್ತಿದ್ದೇನೆ, ತೊಳೆದದ್ದನ್ನೇ ತೊಳೆಯುತ್ತಿದ್ದೇನೆ, ಅವಳು ಬೈಯಲಿಲ್ಲ, ಅಳಲಿಲ್ಲ, ತಿರುಗಿದಳು, ಊದಿದ ಕೆನ್ನೆ, ತಿರುಗಿ ನೋಡಿದಳು, ನನ್ನ ಮೂಗನ್ನು —